ಕಾಪು ದೀಪಸ್ತಂಭದ ಅಂಚು: ಕ್ಯಾಮೆರಾ ರೇಂಜ್‌ಫೈಂಡರ್ ಹೊಂದಿಸುವ ಕೆಲಸದ ಪೂರ್ವಕಥೆ

ಒಂದು ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ಅಲ್ಲಿಗೆ ಹೋಗದೆ, ನಿಂತಲ್ಲಿಂದಲೇ ಅಳೆಯುವ ಉಪಕರಣವೇ ರೇಂಜ್‌ಫೈಂಡರ್. ಕ್ಯಾಮೆರಾದೊಳಗೆ ಅಡಕವಾಗಿರುವ ರೇಂಜ್‌ಫೈಂಡರಿಗೆ ಮುಂಭಾಗದಲ್ಲಿ ಎರಡು ಕಿಟಕಿಗಳಿರುತ್ತವೆ. ದೊಡ್ಡ ಕಿಟಕಿಯಿಂದ ಒಳಬಂದ ಬೆಳಕು ಅರೆಪಾರದರ್ಶಕ ಕನ್ನಡಿಯನ್ನು, ಅಂದರೆ ಬೆಳಕಿನ ಒಂದು ಪಾಲನ್ನು ಹಾಯಗೊಟ್ಟು ಇನ್ನೊಂದು ಪಾಲನ್ನು ಪ್ರತಿಫಲಿಸುವಂತೆ ತೆಳುವಾಗಿ ಲೇಪಿಸಿದ ಗಾಜನ್ನು ದಾಟಿ ನೇರವಾಗಿ ಕಣ್ಣಿಗೆ ಸೇರುತ್ತದೆ. ಕೆಲವು ಸೆಂಟಿಮೀಟರ್ ಆಚೆಗಿರುವ ಸಣ್ಣ ಕಿಟಕಿಯಿಂದ ಬಂದ ಬೆಳಕು ಒಳಗಿನ ಮತ್ತೊಂದು ಕನ್ನಡಿಗೆ ಬಡಿದು, ಅಡ್ಡಕ್ಕೆ ತಿರುಗಿ, ಅದೇ ಗಾಜಿನ ಮೂಲಕ ನೋಟದ ನಡುವೆ ಹಳದಿ ಛಾಯೆಯ ಚೌಕವೊಂದರಲ್ಲಿ ಎರಡನೆಯ ಬಿಂಬವಾಗಿ ಮೂಡುತ್ತದೆ. ಲೆನ್ಸಿನ ಬಳೆಯನ್ನು ತಿರುಗಿಸಿದಾಗ ಸನ್ನೆಯೊಂದರ ಮೂಲಕ ಆ ಚಲನೆ ಒಳಗನ್ನಡಿಗೆ ತಲುಪಿ ಅದು ಕೂದಲೆಳೆಯಷ್ಟು ಹೊರಳುತ್ತದೆ, ಎರಡನೆಯ ಬಿಂಬ ಪಕ್ಕಕ್ಕೆ ಸರಿಯುತ್ತದೆ, ಎರಡೂ ಬಿಂಬಗಳು ಒಂದಾದ ಕ್ಷಣದಲ್ಲಿ ಲೆನ್ಸು ಆ ವಸ್ತುವಿನ ದೂರಕ್ಕೆ ಸರಿಯಾಗಿ ನಿಂತಿದೆ ಎಂದು ಅರ್ಥ. ಈ ವ್ಯವಸ್ಥೆಯಲ್ಲಿ ಕೆಡುವುದಕ್ಕೆ ಎರಡು ದಾರಿಗಳಿವೆ. ಒಂದು ಬಿಂಬ ಇನ್ನೊಂದಕ್ಕಿಂತ ಮೇಲೆ ಅಥವಾ ಕೆಳಗೆ ಬಿದ್ದರೆ ಅದು ಲಂಬ ದೋಷ. ಕಣ್ಣಿಗೆ ಕಿರಿಕಿರಿಯೇ ಹೊರತು ಅಳತೆಗೆ ದೊಡ್ಡ ಹಾನಿಯಿಲ್ಲ. ಬಿಂಬಗಳು ಎಡಬಲಕ್ಕೆ ತಪ್ಪಿದರೆ ಅದು ಅಡ್ಡ ದೋಷ. ಆಗ ಉಪಕರಣವು ಸ್ಪಷ್ಟವಾಗಿಯೇ, ಯಾವ ಸುಳಿವನ್ನೂ ಕೊಡದೆ, ತಪ್ಪು ದೂರವನ್ನು ಹೇಳುತ್ತದೆ. ಎರಡನೆಯದನ್ನು ತಿದ್ದುವುದೇ ರೇಂಜ್‌ಫೈಂಡರ್ ಹೊಂದಿಸುವ ಕೆಲಸದ ಮುಖ್ಯ ಭಾಗ.

ಎರಡು ಕಿಟಕಿಗಳ ನಡುವಣ ಅಂತರಕ್ಕೆ ಆಧಾರರೇಖೆ ಎನ್ನುತ್ತಾರೆ. ಭೂಮಾಪನದವರು ಬಳಸುವ ಪದವೂ ಇದೇ. ಉದ್ದ ಗೊತ್ತಿರುವ ಒಂದು ರೇಖೆಯ ಎರಡು ತುದಿಗಳಿಂದ ದೂರದ ಗುರುತೊಂದನ್ನು ನೋಡಿ, ಎರಡು ನೋಟಗಳ ನಡುವಿನ ಕೋನವನ್ನು ಅಳೆದರೆ ಆ ಗುರುತಿನ ದೂರವನ್ನು ಲೆಕ್ಕಹಾಕಬಹುದು ಎಂಬ ತ್ರಿಕೋನ ಮಾಪನದ ತತ್ತ್ವವೇ ಕ್ಯಾಮೆರಾದ ತಲೆಯೊಳಗೂ ಕೆಲಸ ಮಾಡುತ್ತದೆ. ಕರ್ನಾಟಕದ ನೆಲಕ್ಕೂ ಕರಾವಳಿಗೂ ಈ ತತ್ತ್ವದ ಜೊತೆ ಎರಡು ಶತಮಾನಗಳ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಮೈಸೂರಿನ ರಾಜ್ಯವ್ಯವಸ್ಥೆ ಬದಲಾಗಿ, ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ, ಆ ಮುತ್ತಿಗೆಯಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯೊಂದನ್ನು ಉಕ್ಕಿನ ಸರಪಳಿಯಿಂದ ಅಳೆದನು. 1802ರಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಇನ್ನೊಂದು ರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನವನ್ನು ಹೆಣೆಯುತ್ತ ಪಡುಗಡಲಿನ ಮಂಗಳೂರಿನವರೆಗೆ ಬಂದಾಗ, ಹಳೆಯ ನಕ್ಷೆಗಳಲ್ಲಿ ನಾನ್ನೂರು ಮೈಲಿಯೆಂದು ನಮೂದಾಗಿದ್ದ ಪರ್ಯಾಯದ್ವೀಪದ ಅಗಲ ನಿಜದಲ್ಲಿ ಮುನ್ನೂರ ಅರವತ್ತು ಮೈಲಿ ಮಾತ್ರ ಎಂದು ತಿಳಿಯಿತು. ನಲವತ್ತು ಮೈಲಿಯ ತಪ್ಪನ್ನು ಹೊತ್ತ ನಕ್ಷೆ ನೋಡುವುದಕ್ಕೆ ಸರಿಯಾದ ನಕ್ಷೆಯಷ್ಟೇ ಅಚ್ಚುಕಟ್ಟಾಗಿದ್ದಿರಬೇಕು. ಅಡ್ಡ ದೋಷವಿರುವ ರೇಂಜ್‌ಫೈಂಡರಿನ ಸ್ವಭಾವವೂ ಅಂಥದ್ದೇ.

ಲ್ಯಾಂಬ್ಟನ್ನನ ಸರ್ವೇಕ್ಷಣೆಯ ಇತಿಹಾಸದಲ್ಲಿ ಈ ಪ್ರಬಂಧದ ವಿಷಯಕ್ಕೆ ಇನ್ನೂ ಹತ್ತಿರವಾದ ಒಂದು ಘಟನೆಯಿದೆ. ಲಂಡನ್ನಿನ ವಿಲಿಯಂ ಕೇರಿ ತಯಾರಿಸಿದ, ಅರ್ಧ ಟನ್ನಿನಷ್ಟು ತೂಗುತ್ತಿದ್ದ ಅವನ ಥಿಯೊಡೊಲೈಟ್, ಅಂದರೆ ಕೋನಗಳನ್ನು ಅಳೆಯುವ ದುರ್ಬೀನು ಸಹಿತವಾದ ಯಂತ್ರವು, 1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಎಳೆಯುತ್ತಿದ್ದಾಗ ಹಗ್ಗ ಕಡಿದು ಗೋಡೆಗೆ ಅಪ್ಪಳಿಸಿ, ಅದರ ಅಳತೆಯ ವರ್ತುಲ ಸೊಟ್ಟಗಾಯಿತು. ಇನ್ನೊಂದು ಯಂತ್ರ ಇಂಗ್ಲೆಂಡಿನಿಂದ ಬರಬೇಕಾದರೆ ವರ್ಷಗಳೇ ಹಿಡಿಯುತ್ತಿದ್ದ ಕಾಲವದು. ಲ್ಯಾಂಬ್ಟನ್ ಯಂತ್ರವನ್ನು ಪೂರ್ತಿ ಬಿಚ್ಚಿ, ವರ್ತುಲದ ಮೂಲ ಅಳತೆಯನ್ನು ಹಲಗೆಯ ಮೇಲೆ ಗೀರಿ, ಬೆಣೆ ಮತ್ತು ಸ್ಕ್ರೂಗಳಿಂದ ಲೋಹವನ್ನು ಸ್ವಲ್ಪಸ್ವಲ್ಪವೇ ಎಳೆದು ಆ ಗೀರಿಗೆ ಕೂರಿಸುತ್ತ ಆರು ವಾರಗಳಲ್ಲಿ ಅದನ್ನು ಮತ್ತೆ ಕೆಲಸಕ್ಕೆ ತಂದನು. ಸಾಮಾನ್ಯವಾಗಿ ಇದನ್ನು ಸಾಹಸದ ಕಥೆಯಾಗಿ ಹೇಳುವುದುಂಟು. ಆದರೆ ಇಲ್ಲಿ ಗಮನಿಸಬೇಕಾದದ್ದು ಹಲಗೆಯ ಮೇಲಿನ ಗೀರು: ಸೊಟ್ಟಗಾದ ಯಂತ್ರ ತನ್ನನ್ನು ತಾನೇ ಅಳೆದುಕೊಳ್ಳಲಾರದು, ಅದನ್ನು ತಿದ್ದುವವನಿಗೆ ಯಂತ್ರದ ಹೊರಗೆ, ಅದಕ್ಕಿಂತ ಹೆಚ್ಚು ನಂಬಬಹುದಾದ ಒಂದು ಗುರುತು ಬೇಕು. ಮುಂದಿನ ಒಂದೂವರೆ ಶತಮಾನದಲ್ಲಿ ರೇಂಜ್‌ಫೈಂಡರನ್ನು ಹೊಂದಿಸಿದವರೆಲ್ಲರ ಜಾಣ್ಮೆ ಸ್ಕ್ರೂ ತಿರುಗಿಸುವುದರಲ್ಲಿದ್ದುದಕ್ಕಿಂತ ಹೆಚ್ಚಾಗಿ ಇಂಥ ಗುರುತನ್ನು ಆರಿಸುವುದರಲ್ಲಿತ್ತು.

ಆಧಾರರೇಖೆಯನ್ನು ಮೈಲಿಗಳಿಂದ ಅಡಿಗಳಿಗೆ ಇಳಿಸಿ ಒಂದೇ ಕೊಳವೆಯೊಳಗೆ ತುರುಕಿದ ಕೆಲಸ ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಡೆಯಿತು. ಲೀಡ್ಸ್‌ನ ಯಾರ್ಕ್‌ಶೈರ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕನಾಗಿದ್ದ ಆರ್ಚಿಬಾಲ್ಡ್ ಬಾರ್ ಮತ್ತು ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವಿಲಿಯಂ ಸ್ಟ್ರೌಡ್, ಬ್ರಿಟಿಷ್ ಯುದ್ಧ ಇಲಾಖೆ 1888ರಲ್ಲಿ ಕೊಟ್ಟ ಜಾಹೀರಾತನ್ನು ನೋಡಿ ಈ ಕೆಲಸಕ್ಕೆ ಕೈಹಾಕಿದರು. ಕಾಲಾಳುಪಡೆಗೆಂದು ಮಾಡಿದ ಮೊದಲ ಮಾದರಿ ಒಪ್ಪಿಗೆಯಾಗಲಿಲ್ಲವಾದರೂ 1890ರ ದಶಕದಲ್ಲಿ ನೌಕಾಪಡೆ ಅವರ ಉಪಕರಣವನ್ನು ಸ್ವೀಕರಿಸಿತು, ಮುಂದೆ ಗ್ಲಾಸ್ಗೋದ ಬಾರ್ ಆ್ಯಂಡ್ ಸ್ಟ್ರೌಡ್ ಸಂಸ್ಥೆಯ ಹೆಸರು ರೇಂಜ್‌ಫೈಂಡರಿಗೆ ಪರ್ಯಾಯವೇ ಆಯಿತು. ಸೇನೆಯ ಈ ಕೊಳವೆಗಳೊಂದಿಗೆ ಒಂದು ಸಾದಾ ಮರದ ಪಟ್ಟಿಯೂ ಬರುತ್ತಿತ್ತು. ಅದರ ಮೇಲೆ ಎರಡು ಲಂಬ ಗುರುತುಗಳಿದ್ದು, ಅವುಗಳ ನಡುವಿನ ಅಂತರ ಕೊಳವೆಯ ಆಧಾರರೇಖೆಯ ಉದ್ದಕ್ಕೆ ಸರಿಸಮನಾಗಿರುತ್ತಿತ್ತು. ಪಟ್ಟಿಯನ್ನು ದೂರದಲ್ಲಿ ಉಪಕರಣಕ್ಕೆ ಎದುರಾಗಿ ನಿಲ್ಲಿಸಿದರೆ ಎಡಗಿಟಕಿ ಎಡ ಗುರುತನ್ನೂ ಬಲಗಿಟಕಿ ಬಲ ಗುರುತನ್ನೂ ನೋಡುವ ರೇಖೆಗಳು ಒಂದಕ್ಕೊಂದು ಸಮಾಂತರವಾಗುತ್ತವೆ. ಅನಂತ ದೂರದ ನಕ್ಷತ್ರವೊಂದರಿಂದ ಎರಡೂ ಕಿಟಕಿಗಳಿಗೆ ಬರುವ ಕಿರಣಗಳೂ ಹೀಗೆಯೇ ಸಮಾಂತರವಾಗಿರುತ್ತವೆ. ಹೀಗಾಗಿ ಮಂಜು ಕವಿದ ಬಂದರಿನಲ್ಲಿಯೂ ಕೃತಕ ಅನಂತವೊಂದನ್ನು ನಿರ್ಮಿಸಿ ಉಪಕರಣವನ್ನು ಹೊಂದಿಸಲು ಸಾಧ್ಯವಾಗುತ್ತಿತ್ತು. ಈ ಪಟ್ಟಿಯ ಉಪಾಯ ಕ್ಯಾಮೆರಾದವರಿಗೂ ಒದಗಿಬರುವಂಥದ್ದು; ಅದರ ಮಾತು ಮುಂದೆ ಬರುತ್ತದೆ.

ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಮೊದಲು ಕಾಣಿಸಿಕೊಂಡದ್ದು 1916ರ ಕೊಡಾಕ್ ಕಂಪನಿಯ 3ಎ ಆಟೊಗ್ರಾಫಿಕ್ ಸ್ಪೆಷಲ್ ಎಂಬ ಮಡಚುವ ಕ್ಯಾಮೆರಾದಲ್ಲಿ. ವೆಟ್ಜ್‌ಲರ್ ನಗರದ ಲೈಟ್ಜ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿ 1925ರಲ್ಲಿ ಲೈಪ್ಜಿಗ್ ಮೇಳದಲ್ಲಿ ಹೊರತಂದ ಲೈಕಾ ಕ್ಯಾಮೆರಾದಲ್ಲಿ ಆ ಸೌಕರ್ಯವಿರಲಿಲ್ಲ. ಬಿಡಿಯಾಗಿ ಕೊಳ್ಳುವ ರೇಂಜ್‌ಫೈಂಡರಿನಲ್ಲಿ ದೂರವನ್ನು ಓದಿ ಆ ಅಂಕಿಯನ್ನು ಲೆನ್ಸಿನ ಮೇಲೆ ಕೈಯಿಂದ ಹೊಂದಿಸಬೇಕಿತ್ತು. 1932ರಲ್ಲಿ ಲೈಕಾದ ಎರಡನೆಯ ಮಾದರಿಯೂ ಝೈಸ್ ಇಕಾನ್‌ನ ಕಾಂಟ್ಯಾಕ್ಸ್ ಕ್ಯಾಮೆರಾವೂ ಜೋಡಿತ ರೇಂಜ್‌ಫೈಂಡರಿನೊಂದಿಗೆ ಬಂದ ಮೇಲೆ ಈ ವಿಧಾನ ಸಣ್ಣ ಕ್ಯಾಮೆರಾಗಳ ಸಾಮಾನ್ಯ ಲಕ್ಷಣವಾಯಿತು. ಆ ಲೈಕಾದ ಆಧಾರರೇಖೆ ಸುಮಾರು 38 ಮಿ.ಮೀ. ಮಾತ್ರ, 1936ರ ಎರಡನೆಯ ಕಾಂಟ್ಯಾಕ್ಸ್‌ನದು 90 ಮಿ.ಮೀ.; 1954ರ ಲೈಕಾ ಎಂ3ರದು 68.5 ಮಿ.ಮೀ. ಕಣ್ಣಿಗೆ ಕಾಣುವ ನೋಟ ನಿಜಗಾತ್ರದ 0.91ರಷ್ಟಕ್ಕೆ ಕುಗ್ಗಿರುವುದರಿಂದ ಎಂ3ರ ಪರಿಣಾಮಕಾರಿ ಆಧಾರರೇಖೆ, ಅಂದರೆ ಉದ್ದವನ್ನು ವರ್ಧನೆಯಿಂದ ಗುಣಿಸಿದಾಗ ಬರುವ ಗುಣಲಬ್ಧ, 62 ಮಿ.ಮೀ.ಯಷ್ಟಾಗುತ್ತದೆ, ಎರಡು ರೇಂಜ್‌ಫೈಂಡರುಗಳಲ್ಲಿ ಯಾವುದು ಹೆಚ್ಚು ನಿಖರ ಎಂದು ಹೋಲಿಸಲು ಈ ಗುಣಲಬ್ಧವೇ ನ್ಯಾಯವಾದ ಅಳತೆ.

ಈ ಅಂಕಿಗಳ ಹಿಂದಿರುವ ಸೂಕ್ಷ್ಮತೆಯನ್ನು ಲೆನ್ಸಿನ ಚಲನೆಯಿಂದ ಅರಿಯಬಹುದು. 50 ಮಿ.ಮೀ. ಲೆನ್ಸು ಅನಂತದಿಂದ ಹತ್ತು ಮೀಟರಿಗೆ ಬರಲು ಮುಂದಕ್ಕೆ ಚಲಿಸುವುದು ಕಾಲು ಮಿಲಿಮೀಟರ್ ಮಾತ್ರ. ಒಂದು ಮೀಟರಿಗೆ ಬಂದಾಗ ಆ ಚಲನೆ 2.6 ಮಿ.ಮೀ. ದಾಟುತ್ತದೆ. ಲೆನ್ಸಿನ ಹಿಂಬದಿಯನ್ನು ತಾಕಿಕೊಂಡಿರುವ ಸನ್ನೆ ಈ ಕಾಲು ಮಿಲಿಮೀಟರನ್ನು ಕನ್ನಡಿಯ ಹೊರಳಿಕೆಯಾಗಿ ಮಾರ್ಪಡಿಸಬೇಕಾಗಿರುವುದರಿಂದ, ಸನ್ನೆಯ ತುದಿಯಲ್ಲಿ ಕೂತ ಒಂದು ಕಣ ಧೂಳೂ ಅನಂತವನ್ನು ಐವತ್ತು ಮೀಟರಿನ ಆಸುಪಾಸಿಗೆ ಎಳೆದು ತಂದುಬಿಡಬಲ್ಲದು. ಕ್ಯಾಮೆರಾ ಕೆಳಗೆ ಬಿದ್ದದ್ದು, ಬಸ್ಸಿನ ಕುಲುಕಾಟ, ಒಣಗಿದ ಅಂಟು, ಇವೆಲ್ಲವೂ ಹೊಂದಾಣಿಕೆ ತಪ್ಪಲು ಸಾಲುವಷ್ಟು ಕಾರಣಗಳು.

ತಯಾರಕರು ತಿದ್ದುವ ಸ್ಕ್ರೂಗಳನ್ನು ಎಲ್ಲಿ ಬಚ್ಚಿಟ್ಟರು ಎಂಬುದನ್ನು ನೋಡಿದರೆ ಅವರು ಮಾಲೀಕನನ್ನು ಎಷ್ಟು ನಂಬಿದರು ಎಂಬುದೂ ತಿಳಿಯುತ್ತದೆ. ಜರ್ಮನ್ ಮತ್ತು ಜಪಾನಿ ಕ್ಯಾಮೆರಾಗಳೊಂದಿಗೆ ಬರುತ್ತಿದ್ದ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇವುಗಳ ಪ್ರಸ್ತಾಪವೇ ಇರುತ್ತಿರಲಿಲ್ಲ. 1984ರ ಲೈಕಾ ಎಂ6ರಲ್ಲಿ ಲಂಬ ದೋಷವನ್ನು ತಿದ್ದುವ ಸ್ಕ್ರೂ ಕಂಪನಿಯ ಕೆಂಪು ಬಿಲ್ಲೆಯ ಹಿಂದೆಯೇ ಇದೆ. ಅಡ್ಡ ದೋಷವನ್ನು ತಿದ್ದುವುದು ಲೆನ್ಸು ಕೂರುವ ಬಾಯಿಯೊಳಗೆ ಕಾಣುವ ಸಣ್ಣ ಗಾಲಿಯಿಂದ, ಅದರ ಅಚ್ಚು ನಡುವಿನಲ್ಲಿರದೆ ಒಂದು ಬದಿಗೆ ಸರಿದಿರುವ ಕಾರಣ ಅಚ್ಚನ್ನು ತಿರುಗಿಸಿದಂತೆ ಗಾಲಿಯ ನೆಲೆ ಬದಲಾಗುತ್ತದೆ. ಸೋವಿಯತ್ ಕ್ಯಾಮೆರಾಗಳ ದಾರಿ ಬೇರೆಯಿತ್ತು. ಬೀದಿಪಾಲಾದ ಹುಡುಗರಿಗಾಗಿ ಖಾರ್ಕೋವ್‌ನಲ್ಲಿ ನಡೆಯುತ್ತಿದ್ದ, ಜೆರ್ಝಿನ್‌ಸ್ಕಿಯ ಹೆಸರಿನ ಕಮ್ಯೂನಿನ ಕಾರ್ಖಾನೆ 1934ರಲ್ಲಿ ಲೈಕಾವನ್ನು ಅನುಸರಿಸಿ ಫೆಡ್ ಕ್ಯಾಮೆರಾವನ್ನು ಹೊರತಂದಿತು. ಯುದ್ಧದ ನಂತರ ಕ್ರಾಸ್ನೊಗೊರ್ಸ್ಕ್‌ನಲ್ಲಿ ಝೋರ್ಕಿಯೂ, ಜರ್ಮನಿಯಿಂದ ಪರಿಹಾರವಾಗಿ ಪಡೆದ ಝೈಸ್ ಯಂತ್ರಗಳ ನೆರವಿನಿಂದ 1947ರಿಂದ ಕೀವ್‌ನ ಆರ್ಸೆನಲ್ ಕಾರ್ಖಾನೆಯಲ್ಲಿ ಕಾಂಟ್ಯಾಕ್ಸ್‌ನ ಮರುರೂಪವಾದ ಕೀವ್ ಕ್ಯಾಮೆರಾವೂ ತಯಾರಾದವು. ಫೆಡ್ ಮತ್ತು ಝೋರ್ಕಿಗಳ ಅನೇಕ ಮಾದರಿಗಳಲ್ಲಿ ಮುಂಭಾಗದ ಒಂದು ಮುಚ್ಚಳದ ಸ್ಕ್ರೂವನ್ನು ತೆಗೆದರೆ ಅದರ ಹಿಂದೆ ಅಡ್ಡ ದೋಷದ ಸ್ಕ್ರೂ ಸಿಗುತ್ತದೆ, ಸಣ್ಣ ಕಿಟಕಿಯ ಬಳೆಯನ್ನು ತಿರುಗಿಸಿದರೆ ಅದರಲ್ಲಿರುವ ಬೆಣೆಯಾಕಾರದ ಗಾಜು ಬಿಂಬವನ್ನು ಮೇಲೆ ಕೆಳಗೆ ಸರಿಸುತ್ತದೆ. ತಲೆಯ ಮುಚ್ಚಳವನ್ನು ಬಿಚ್ಚುವ ಅಗತ್ಯವೇ ಬೀಳುವುದಿಲ್ಲ. ಒರಟು ಎಂದು ಹೀಗಳೆಯಲಾಗುವ ಈ ಕ್ಯಾಮೆರಾಗಳು ಈ ಒಂದು ವಿಷಯದಲ್ಲಿ ದುಬಾರಿ ಸೋದರರಿಗಿಂತ ಹೆಚ್ಚು ಉದಾರವಾಗಿದ್ದವು ಎನ್ನಲು ಅಡ್ಡಿಯಿಲ್ಲ. ಕೀವ್ ಮಾತ್ರ ಇದಕ್ಕೆ ಅಪವಾದ: ಅದರ ಉದ್ದನೆಯ ಗಾಜಿನ ಪಟ್ಟಕ ಸುಲಭಕ್ಕೆ ಕದಲುವುದಿಲ್ಲ, ಕದಲಿದರೆ ಸುಲಭಕ್ಕೆ ಕೈಗೆ ಸಿಗುವುದೂ ಇಲ್ಲ.

ಭಾರತದಲ್ಲಿ, ಅದರಲ್ಲೂ ಕರಾವಳಿಯ ಸಣ್ಣ ಊರುಗಳಲ್ಲಿ, ರೇಂಜ್‌ಫೈಂಡರ್ ಕ್ಯಾಮೆರಾ ವೃತ್ತಿಪರರ ಮುಖ್ಯ ಆಯುಧವಾಗಿರಲಿಲ್ಲ. ಸ್ಟುಡಿಯೋದವರು ಮೊದಲಿಗೆ ಮೂರು ಕಾಲಿನ ಮೇಲೆ ನಿಲ್ಲಿಸಿ ಕರಿಬಟ್ಟೆ ಹೊದ್ದು ನೋಡುವ ಮರದ ಕ್ಯಾಮೆರಾಗಳನ್ನೂ, ಬಳಿಕ ಮದುವೆಮುಂಜಿಗಳಿಗೆ ಎರಡು ಲೆನ್ಸಿನ ಯಾಶಿಕಾ ಅಥವಾ ರೋಲಿಫ್ಲೆಕ್ಸ್‌ಗಳನ್ನೂ ಬಳಸಿದರು. ಅವುಗಳಲ್ಲಿ ಚಿತ್ರ ನೇರವಾಗಿ ಗಾಜಿನ ಪರದೆಯ ಮೇಲೆ ಮೂಡುವುದರಿಂದ ರೇಂಜ್‌ಫೈಂಡರಿನ ಗೊಡವೆಯಿಲ್ಲ. 1957ರ ವಿದೇಶಿ ವಿನಿಮಯದ ಬಿಕ್ಕಟ್ಟಿನ ನಂತರ ಆಮದು ಬಿಗಿಯಾಗಿ, ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್‌ನಂಥ, ದೂರ ಹೊಂದಿಸುವ ಅವಕಾಶವೇ ಇಲ್ಲದ ಡಬ್ಬಿಗಳು ಮಧ್ಯಮ ವರ್ಗದ ಕ್ಯಾಮೆರಾಗಳಾದವು. ರೇಂಜ್‌ಫೈಂಡರ್ ಬಂದದ್ದು ಮನೆಯ ಪೆಟ್ಟಿಗೆಗಳಲ್ಲಿ. ಇಂದು ಕಾಪು ತಾಲೂಕಿಗೆ ಸೇರಿರುವ, ಕಟಪಾಡಿಯಿಂದ ಬೆಳ್ಮಣ್ಣಿಗೆ ಹೋಗುವ ದಾರಿಯಲ್ಲಿ ಸಿಗುವ ಶಿರ್ವದಂಥ ಊರು ಮೊದಲು ಮುಂಬಯಿಗೂ 1970ರ ದಶಕದಿಂದ ಕೊಲ್ಲಿ ದೇಶಗಳಿಗೂ ಮಕ್ಕಳನ್ನು ಕಳಿಸಿಕೊಟ್ಟ ಊರು. ಟೇಪ್ ರೆಕಾರ್ಡರು, ಸೆಂಟು, ಟಾರ್ಚುಗಳ ಜೊತೆ ಊರಿಗೆ ಬಂದ ವಸ್ತುಗಳಲ್ಲಿ ಯಾಶಿಕಾ, ಕ್ಯಾನನ್, ಮಿನೋಲ್ಟಾಗಳ ಜಪಾನಿ ರೇಂಜ್‌ಫೈಂಡರುಗಳೂ ಇದ್ದವು. 1966ರಲ್ಲಿ ಮಾರುಕಟ್ಟೆಗೆ ಬಂದು ಜಗತ್ತಿನಾದ್ಯಂತ ಲಕ್ಷಗಟ್ಟಲೆ ಮಾರಾಟವಾದ ಯಾಶಿಕಾ ಇಲೆಕ್ಟ್ರೊ 35 ಈ ವರ್ಗದ ಪ್ರತಿನಿಧಿ: 45 ಮಿ.ಮೀ. ಲೆನ್ಸು, ಎಫ್ 1.7ರವರೆಗೆ ತೆರೆಯುವ ರಂಧ್ರ, ಬೆಳಕನ್ನು ತಾನೇ ಅಳೆದುಕೊಳ್ಳುವ ವಿದ್ಯುತ್ ಮಂಡಲ, ಮತ್ತು ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್.

ಇಂಥ ಕ್ಯಾಮೆರಾಗಳ ದೋಷ ದಶಕಗಟ್ಟಲೆ ಯಾರಿಗೂ ತಿಳಿಯದೆ ಉಳಿಯುವುದಕ್ಕೆ ದೃಗ್ವಿಜ್ಞಾನದಲ್ಲಿಯೇ ಕಾರಣವಿದೆ. ಬಿಸಿಲಿನ ಅಂಗಳದಲ್ಲಿ ಮನೆಮಂದಿಯನ್ನು ಸಾಲಾಗಿ ನಿಲ್ಲಿಸಿ ಮೂರು ಮೀಟರ್ ದೂರದಿಂದ, ರಂಧ್ರ ಎಫ್ 8ಕ್ಕೆ ಕಿರಿದಾಗಿದ್ದಾಗ ತೆಗೆದ ಚಿತ್ರದಲ್ಲಿ ಸುಮಾರು 2.2 ಮೀಟರಿನಿಂದ 4.7 ಮೀಟರಿನವರೆಗಿನ ಎಲ್ಲವೂ ಸ್ಪಷ್ಟವಾಗಿಯೇ ಮೂಡುತ್ತದೆ. ರೇಂಜ್‌ಫೈಂಡರ್ ಅರ್ಧ ಮೀಟರ್ ತಪ್ಪು ಹೇಳಿದರೂ ಚಿತ್ರ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅದೇ ಕ್ಯಾಮೆರಾವನ್ನು ಇರುಳಿನ ಯಕ್ಷಗಾನದ ರಂಗಸ್ಥಳದ ಬದಿಗೋ ಭೂತಕೋಲದ ಚಪ್ಪರಕ್ಕೋ ಒಯ್ದು, ರಂಧ್ರವನ್ನು ಪೂರ್ತಿ ತೆರೆದು ನಾಲ್ಕು ಮೀಟರ್ ದೂರದ ವೇಷವನ್ನು ಹಿಡಿದರೆ ಸ್ಪಷ್ಟತೆಯ ಪಟ್ಟಿ 3.6ರಿಂದ 4.5 ಮೀಟರಿಗೆ ಇಳಿಯುತ್ತದೆ. ಒಂದು ಮೀಟರಿನಿಂದ ಮುಖವೊಂದನ್ನು ತೆಗೆದರೆ ಐದು ಸೆಂಟಿಮೀಟರಿಗೆ. ಕಿರೀಟದ ಹಿಂಬದಿಯ ಗೋಡೆ ಸ್ಪಷ್ಟವಾಗಿ, ವೇಷಧಾರಿಯ ಕಣ್ಣು ಮಸುಕಾಗಿ ಮೂಡಿದ ಚಿತ್ರಕ್ಕೆ ಹಲವರು ಕೈ ನಡುಗಿದ್ದೇ ಕಾರಣವೆಂದುಕೊಂಡು ಸುಮ್ಮನಾಗುತ್ತಾರೆ. ಗೋಡೆ ಸ್ಪಷ್ಟವಾಗಿದೆ ಎಂಬ ಸಂಗತಿಯೇ ಕೈ ನಡುಗಿಲ್ಲ ಎಂಬುದಕ್ಕೆ ಸಾಕ್ಷಿ, ತಪ್ಪು ರೇಂಜ್‌ಫೈಂಡರಿನದು.

ಕರಾವಳಿಯ ಹವೆ ಇದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಉಡುಪಿ ಸೀಮೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಚರ್ಮದ ಚೀಲದಲ್ಲಿಟ್ಟು ಕಪಾಟಿನಲ್ಲಿ ಮುಚ್ಚಿಟ್ಟ ಕ್ಯಾಮೆರಾಕ್ಕೆ ಒಂದೇ ಮಳೆಗಾಲದಲ್ಲಿ ಫಂಗಸ್ ಹಿಡಿಯಬಹುದು. ಚೀಲದ ಚರ್ಮವೇ ತೇವವನ್ನು ಹೀರಿ ಬೂಷ್ಟಿನ ತವರಾಗುತ್ತದೆ. ಅರೆಪಾರದರ್ಶಕ ಗಾಜಿನ ಲೇಪ ಮಸುಕಾದರೆ ಹಳದಿ ಚೌಕದ ಬಿಂಬ ಕಾಣದಷ್ಟು ತೆಳುವಾಗುತ್ತದೆ, ಕನ್ನಡಿಯನ್ನು ಹಿಡಿದಿಟ್ಟ ಅಂಟು ಸಡಿಲಿದರೆ ಕನ್ನಡಿಯೇ ವಾಲುತ್ತದೆ, ಉಪ್ಪುಗಾಳಿ ಸನ್ನೆಯ ಸ್ಪ್ರಿಂಗನ್ನು ತುಕ್ಕು ಹಿಡಿಸುತ್ತದೆ. ಇವನ್ನು ಕಂಪನಿಯ ಸೇವಾಕೇಂದ್ರಕ್ಕೆ ಒಯ್ಯುವುದೆಂದರೆ ಮುಂಬಯಿ, ಬೆಂಗಳೂರುಗಳ ದಾರಿ. ಹತ್ತಿರದಲ್ಲಿದ್ದವರು ಕೈಗಡಿಯಾರ ರಿಪೇರಿಯವರು. ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ತೆರೆದ ಮೇಲೆ ಪೇಟೆಪೇಟೆಯಲ್ಲಿಯೂ ಈ ಕಸುಬಿಗೆ ಬಲ ಬಂತು. ಕಣ್ಣಿಗೆ ಸಿಕ್ಕಿಸುವ ಮಸೂರ, ಸೂಜಿಮೊನೆಯ ಸ್ಕ್ರೂಡ್ರೈವರು, ಚಿಮುಟ, ಈ ಮೂರೂ ಕ್ಯಾಮೆರಾದ ತಲೆ ಬಿಚ್ಚಲು ಸಾಕಾಗುವಂಥವು. ಆದರೆ ಗಡಿಯಾರದ ಮೇಜಿನ ಮೇಲೆ ಇಲ್ಲದ್ದು ದೂರದ ಗುರುತು. ಅಂಗಡಿಯೆದುರಿನ ರಸ್ತೆಯಾಚೆಯ ಫಲಕವನ್ನೇ ಅನಂತವೆಂದು ಭಾವಿಸಿ ಹೊಂದಿಸಿದರೆ ಕ್ಯಾಮೆರಾ ಹೊಸದೊಂದು ತಪ್ಪನ್ನು ಹೊತ್ತು ಮನೆಗೆ ಮರಳುತ್ತದೆ.

ಎಷ್ಟು ದೂರವಿದ್ದರೆ ಅನಂತ ಎನ್ನಬಹುದು ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. 68.5 ಮಿ.ಮೀ. ಆಧಾರರೇಖೆಗೆ ಇನ್ನೂರು ಮೀಟರ್ ದೂರದ ವಸ್ತು ಮಾಡುವ ಕೋನ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು; ಸಾಧಾರಣ ಕಣ್ಣಿನ ಗ್ರಹಿಕೆಯ ಎಲ್ಲೆ ಇಲ್ಲಿಗೆ ಮುಗಿಯುತ್ತದೆ. ಆದರೆ ಎರಡು ಗೆರೆಗಳು ಒಂದರ ನೇರಕ್ಕೆ ಒಂದಿವೆಯೇ ಎಂದು ನೋಡುವುದರಲ್ಲಿ ಕಣ್ಣು ಇದಕ್ಕಿಂತ ಹಲವು ಪಟ್ಟು ಚುರುಕು. ಆದ್ದರಿಂದ ಒಂದು ಕಿಲೋಮೀಟರಿನ ಗುರುತು ಬೇಕು. ಅಲ್ಲಿ ಕೋನ ಹದಿನಾಲ್ಕು ಸೆಕೆಂಡುಗಳಿಗೆ ಇಳಿದು, ಉಳಿಯುವ ತಪ್ಪು ಯಾವ ಚಿತ್ರದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಸಮುದ್ರದಂಚಿನಲ್ಲಿರುವವರಿಗೆ ಮೊದಲು ಹೊಳೆಯುವ ಗುರುತು ದಿಗಂತದ ಗೆರೆ. ಅದು ಅಡ್ಡಗೆರೆಯಾದ್ದರಿಂದ ಲಂಬ ದೋಷವನ್ನು ತೋರಿಸುತ್ತದೆ, ಎಡಬಲದ ದೋಷಕ್ಕೆ ಮಾತ್ರ ಸಂಪೂರ್ಣ ಕುರುಡು: ಅಡ್ಡಗೆರೆ ಅಡ್ಡಕ್ಕೆ ಎಷ್ಟು ಸರಿದರೂ ತನ್ನ ಮೇಲೆಯೇ ಬೀಳುತ್ತದೆ. ಕಾರ್ಕಳದಿಂದ ಕಾಣುವ ಕುದುರೆಮುಖದ ನೀಲಿ ಸಾಲು ದೂರದ ಮಟ್ಟಿಗೆ ಸರಿಯಾದರೂ ಅದರ ಅಂಚು ಮಬ್ಬು. 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ 42 ಅಡಿಯ ಗೊಮ್ಮಟನ ಮೈರೇಖೆಗಳು ದುಂಡು, ಹೀಗಾಗಿ ಎರಡು ಬಿಂಬಗಳು ಕೂಡಿದವೋ ಇಲ್ಲವೋ ಎಂದು ನಿರ್ಧರಿಸುವುದು ಕಷ್ಟ. ಅದೇ ಊರಿನ ಹಿರಿಯಂಗಡಿಯ ಮಾನಸ್ತಂಭ ಈ ಕೆಲಸಕ್ಕೆ ಅದಕ್ಕಿಂತ ಲೇಸು.

ಈ ಸೀಮೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಗುರುತು ಶಿರ್ವದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಕಾಪು ಕಡಲತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, 27 ಮೀಟರ್ ಎತ್ತರದ ದೀಪಸ್ತಂಭ. ಕಪ್ಪುಬಿಳುಪಿನ ಪಟ್ಟೆಗಳ ಈ ಗೋಪುರದ ಅಂಚು ಆಕಾಶದೆದುರು ಚೂಪಾಗಿ ಕಾಣುವುದರಿಂದ ಅಡ್ಡ ದೋಷ ತಿಳಿಯುತ್ತದೆ, ಪಟ್ಟೆಗಳು ಕೂಡುವ ಗೆರೆಗಳಿಂದ ಲಂಬ ದೋಷ ತಿಳಿಯುತ್ತದೆ. ಮರಳಿನ ಮೇಲೆ ಉತ್ತರಕ್ಕೋ ದಕ್ಷಿಣಕ್ಕೋ ಒಂದು ಕಿಲೋಮೀಟರ್ ಸರಿದು ನಿಂತರೆ ಗೋಪುರ ಒಂದೂವರೆ ಡಿಗ್ರಿಯ ಎತ್ತರಕ್ಕೆ ಕಂಡು ಹಳದಿ ಚೌಕದೊಳಗೆ ಹಿಡಿಯುತ್ತದೆ. ಹೊತ್ತು ಬೆಳಗ್ಗೆಯೇ ಆಗಿರಬೇಕು, ಏಕೆಂದರೆ ಹತ್ತು ಗಂಟೆಯ ನಂತರ ಕಾದ ಮರಳಿನಿಂದ ಏಳುವ ಬಿಸಿಗಾಳಿ ಗೋಪುರದ ಅಂಚನ್ನು ಕದಡಿಬಿಡುತ್ತದೆ.

ಕೆಲಸದ ಕ್ರಮದಲ್ಲಿ ಮೊದಲ ಹೆಜ್ಜೆ ರೇಂಜ್‌ಫೈಂಡರನ್ನು ಮುಟ್ಟದಿರುವುದು. ಲೆನ್ಸು ತಾನೇ ಅನಂತದಲ್ಲಿ ಸರಿಯಾಗಿ ನಿಲ್ಲುತ್ತದೆಯೇ ಎಂಬುದು ಮೊದಲು ಖಾತ್ರಿಯಾಗಬೇಕು. ಇದಕ್ಕೆ ರೀಲು ಇಲ್ಲದ ಕ್ಯಾಮೆರಾದ ಹಿಂಬಾಗಿಲನ್ನು ತೆರೆದು, ಫಿಲ್ಮು ಜಾರುವ ಒಳಗಿನ ಎರಡು ಹಳಿಗಳ ಮೇಲೆ ಉಜ್ಜಿ ಮಂಕುಮಾಡಿದ ಗಾಜಿನ ತುಂಡನ್ನು ಮಂಕುಬದಿ ಲೆನ್ಸಿನ ಕಡೆಗಿರುವಂತೆ ಒತ್ತಿ ಹಿಡಿದು, ಶಟರನ್ನು ಬಿ ಗುರುತಿನಲ್ಲಿ ತೆರೆದಿಟ್ಟು, ರಂಧ್ರವನ್ನು ಪೂರ್ತಿ ಹಿಗ್ಗಿಸಿ, ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಗೋಪುರವನ್ನು ಮಸೂರದಿಂದ ನೋಡುತ್ತಾರೆ. ಲೆನ್ಸಿನ ಬಳೆ ಅನಂತದ ಗುರುತಿಗೆ ಬಂದು ನಿಂತಾಗ ಚಿತ್ರ ಸ್ಪಷ್ಟವಾಗಿದ್ದರೆ ಲೆನ್ಸು ನಂಬಿಕೆಗೆ ಅರ್ಹ; ಇಲ್ಲವಾದರೆ ರೇಂಜ್‌ಫೈಂಡರನ್ನು ತಿದ್ದುವುದು ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸಿದಂತೆಯೇ ಸರಿ. ಯುದ್ಧಪೂರ್ವದ ಫೆಡ್‌ಗಳಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಲೆನ್ಸು ಕೂರುವ ಬಳೆಯಿಂದ ಫಿಲ್ಮಿಗಿರುವ ದೂರ, ಲೈಕಾದಲ್ಲಿ ಮುಂದೆ 28.8 ಮಿ.ಮೀ. ಎಂದು ಸ್ಥಿರಗೊಂಡದ್ದು, ಅವುಗಳಲ್ಲಿ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು.

ಎರಡನೆಯದು ಅಡ್ಡ ದೋಷ. ಇಲೆಕ್ಟ್ರೊ ಮಾದರಿಯ ಜಪಾನಿ ಕ್ಯಾಮೆರಾಗಳಲ್ಲಿ ರೀಲು ಸುತ್ತುವ ಹಿಡಿಕೆಗಳನ್ನೂ ಬದಿಯ ಸ್ಕ್ರೂಗಳನ್ನೂ ತೆಗೆದು ತಲೆಯ ಮುಚ್ಚಳವನ್ನು ಎತ್ತಬೇಕಾಗುತ್ತದೆ. ಫ್ಲ್ಯಾಶಿಗೆ ಹೋಗುವ ಸಣ್ಣ ತಂತಿ ಮುಚ್ಚಳಕ್ಕೆ ಬೆಸೆದುಕೊಂಡಿರಬಹುದಾದ್ದರಿಂದ ಇಲ್ಲಿ ಅವಸರ ಸಲ್ಲದು. ಒಳಗೆ ಸಣ್ಣ ಕಿಟಕಿಯ ಹಿಂದಿನ ಕನ್ನಡಿಯ ಬಳಿ ತಿದ್ದುವ ಸ್ಕ್ರೂಗಳು, ತಾವಾಗಿ ಸಡಿಲದಂತೆ ಕಾರ್ಖಾನೆಯಲ್ಲಿ ಮೇಲೆ ತೊಟ್ಟಿಕ್ಕಿಸಿದ ಲಾಕರಿನ ಹನಿಗಳ ಸಮೇತ ಕಾಣುತ್ತವೆ. ಆ ಹನಿಯನ್ನು ಅಸಿಟೋನ್ ಸವರಿದ ಕಡ್ಡಿಯ ತುದಿಯಿಂದ ಮೆದುವಾಗಿಸಿ, ಲೆನ್ಸನ್ನು ಅನಂತದಲ್ಲಿ ನಿಲ್ಲಿಸಿ, ಸ್ಕ್ರೂವನ್ನು ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷದಲ್ಲಿ ಸರಿಯುವಷ್ಟೇ ತಿರುಗಿಸಿ, ಕಣ್ಣು ಹೊರಗಿಟ್ಟು ಮತ್ತೆ ನೋಡಿ, ಮತ್ತೆ ತಿರುಗಿಸುತ್ತ ಗೋಪುರದ ಎರಡು ಅಂಚುಗಳನ್ನು ಒಂದಾಗಿಸುತ್ತಾರೆ. ಅನಂತವನ್ನು ಮೀರಿ ಹೋದ ಬಿಂಬವೂ ಅನಂತಕ್ಕೆ ಬಾರದ ಬಿಂಬವೂ ನೋಡುವುದಕ್ಕೆ ಒಂದೇ ಬಗೆಯ ಜೋಡಿಬಿಂಬವಾಗಿರುವುದರಿಂದ, ಲೆನ್ಸನ್ನು ಹತ್ತಿರದ ದೂರದಿಂದ ಅನಂತದತ್ತ ನಿಧಾನವಾಗಿ ತಿರುಗಿಸುತ್ತ ಎರಡನೆಯ ಬಿಂಬ ಯಾವ ಬದಿಯಿಂದ ಬರುತ್ತದೆ ಎಂದು ಗುರುತಿಸಿಕೊಳ್ಳುವುದು ಅನುಭವಿಗಳ ರೂಢಿ. ಮೂರನೆಯದು ಲಂಬ ದೋಷ. ಕನ್ನಡಿಯ ಫಲಕ ಒಂದೇ ಆದ್ದರಿಂದ ಇದನ್ನು ತಿದ್ದಿದಾಗ ಅಡ್ಡ ಹೊಂದಾಣಿಕೆ ಕೊಂಚ ಕದಲಬಹುದು, ಹೀಗಾಗಿ ಎರಡನ್ನೂ ಒಂದೆರಡು ಸುತ್ತು ಮರಳಿ ನೋಡಬೇಕಾಗುತ್ತದೆ. ಕಡೆಗೆ ಸ್ಕ್ರೂಗಳ ಮೇಲೆ ಒಂದೊಂದು ಹನಿ ಉಗುರುಬಣ್ಣ ಬಿಟ್ಟು ಒಣಗಲು ಬಿಡುತ್ತಾರೆ. ಕಾರ್ಖಾನೆಯ ಲಾಕರಿಗೂ ಫ್ಯಾನ್ಸಿ ಅಂಗಡಿಯ ಉಗುರುಬಣ್ಣಕ್ಕೂ ಈ ಕೆಲಸದ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಜುಲೈ ತಿಂಗಳಿನಲ್ಲಿ ಈ ವಿಧಾನ ನಡೆಯುವುದಿಲ್ಲ. ಮಳೆಯ ಪರದೆಯ ಹಿಂದೆ ಗೋಪುರವೇ ಕಾಣುವುದಿಲ್ಲ. ಆಗ ಒದಗುವುದು ಬಾರ್ ಮತ್ತು ಸ್ಟ್ರೌಡರ ಮರದ ಪಟ್ಟಿ. ಕ್ಯಾಮೆರಾದ ಎರಡು ಕಿಟಕಿಗಳ ನಡುಬಿಂದುಗಳ ಅಂತರವನ್ನು ಅಳೆದು, ಅಷ್ಟೇ ಅಂತರದಲ್ಲಿ ದಪ್ಪ ಕಾಗದದ ಮೇಲೆ ಎರಡು ಕಪ್ಪು ಲಂಬಗೆರೆಗಳನ್ನು ಎಳೆದು, ಉದ್ದನೆಯ ಜಗಲಿಯ ಒಂದು ತುದಿಯ ಗೋಡೆಗೆ ಅಂಟಿಸಿ, ಇನ್ನೊಂದು ತುದಿಯಲ್ಲಿ ಕ್ಯಾಮೆರಾವನ್ನು ಗೋಡೆಗೆ ಸಮಾಂತರವಾಗಿ ನಿಲ್ಲಿಸಿದರೆ, ಲೆನ್ಸು ಅನಂತದಲ್ಲಿರುವಾಗ ನೇರನೋಟದ ಎಡಗೆರೆಯ ಮೇಲೆ ಹಳದಿ ಚೌಕದ ಬಲಗೆರೆ ಬಂದು ಕೂರಬೇಕು. ಐದು ಮೀಟರಿನ ಜಗಲಿಯಲ್ಲಿ ಗೆರೆಗಳ ಅಂತರ ಒಂದು ಮಿಲಿಮೀಟರ್ ತಪ್ಪಿದರೆ, 68.5 ಮಿ.ಮೀ. ಆಧಾರರೇಖೆಯ ಕ್ಯಾಮೆರಾ ಸುಮಾರು ಮುನ್ನೂರ ನಲವತ್ತು ಮೀಟರನ್ನು ಅನಂತವೆಂದು ತಿಳಿಯುತ್ತದೆ; ಮನೆಬಳಕೆಗೆ ಇದು ಸಹ್ಯ, ಆದರೆ ಕಿಟಕಿಯ ಚೌಕಟ್ಟಿನ ನಡುವೂ ಅದರ ಹಿಂದಿನ ಕನ್ನಡಿಯ ನಡುವೂ ಯಾವಾಗಲೂ ಒಂದೇ ಆಗಿರುವುದಿಲ್ಲ ಎಂಬ ಕಾರಣಕ್ಕೆ ಈ ಹೊಂದಾಣಿಕೆಯನ್ನು ಮಳೆ ಬಿಟ್ಟ ಮೇಲೆ ಗೋಪುರದೆದುರು ಮತ್ತೆ ಪರೀಕ್ಷಿಸುವುದು ಒಳ್ಳೆಯದು.

ಅನಂತ ಸರಿಯಾದ ಮಾತ್ರಕ್ಕೆ ಹತ್ತಿರದ ದೂರವೂ ಸರಿಯಾಗುತ್ತದೆಂದು ಹೇಳಲಾಗದು. ಸನ್ನೆಯ ಉದ್ದ ಮತ್ತು ಲೆನ್ಸಿನ ಚಲನೆಯ ನಡುವಿನ ಅನುಪಾತ ತಪ್ಪಿದ್ದರೆ ಒಂದು ಮೀಟರಿನಲ್ಲಿ ದೋಷ ಮತ್ತೆ ತಲೆಯೆತ್ತುತ್ತದೆ. ಲೈಕಾ ಎಂ ಮಾದರಿಗಳಲ್ಲಿ ಸನ್ನೆಯ ಉದ್ದವನ್ನು ಬದಲಿಸಲು ಬೇರೆಯೇ ತಿದ್ದುಗೆ ಇದೆ. ಅಲ್ಲಿ ಅನಂತವನ್ನೂ ಒಂದು ಮೀಟರನ್ನೂ ಸರದಿಯಂತೆ ತಿದ್ದುತ್ತ ಎರಡೂ ಒಟ್ಟಿಗೆ ನಿಲ್ಲುವವರೆಗೆ ಹೋಗಬೇಕು. ಅಗ್ಗದ ಕ್ಯಾಮೆರಾಗಳಲ್ಲಿ ಅಂಥ ಸೌಲಭ್ಯವಿಲ್ಲದೆ, ಕೆಲವರು ಮೂರು ಮೀಟರಿನಲ್ಲಿ ಸರಿಹೊಂದಿಸಿ ಅನಂತದ ಚೂರು ತಪ್ಪನ್ನು ಒಪ್ಪಿಕೊಳ್ಳುತ್ತಾರೆ. ದೂರದ ನೋಟಗಳನ್ನು ಹೇಗೂ ಕಿರಿದಾದ ರಂಧ್ರದಲ್ಲಿಯೇ ತೆಗೆಯುವುದರಿಂದ ಈ ರಾಜಿಯಲ್ಲಿ ವಿವೇಕವಿದೆ. ಸವೆದ ಲೇಪವನ್ನು ಮಾತ್ರ ಯಾವ ಸ್ಕ್ರೂವೂ ಮರಳಿಸದು. ಮಸುಕಾದ ಅರೆಪಾರದರ್ಶಕ ಗಾಜನ್ನು ಹತ್ತಿಯಿಂದ ಒರಸಿದರೆ ಧೂಳಿನ ಜೊತೆ ಬೆಳ್ಳಿಯೂ ಎದ್ದುಬಂದು ಎರಡನೆಯ ಬಿಂಬ ಶಾಶ್ವತವಾಗಿ ಹೊರಟುಹೋಗುತ್ತದೆ. ಮನೆಯಲ್ಲಿ ಬಿಚ್ಚಿದ ಕ್ಯಾಮೆರಾಗಳು ಹಾಳಾಗುವುದು ಹೊಂದಿಸುವಾಗಿನದಕ್ಕಿಂತ ಹೆಚ್ಚಾಗಿ ಹೀಗೆ ಶುಚಿಮಾಡುವಾಗ.

ಈ ಕೆಲಸದ ಅಗತ್ಯವನ್ನೇ ಕಡಿಮೆ ಮಾಡಿದ್ದು ಎರಡು ಬೆಳವಣಿಗೆಗಳು. 1959ರ ನೈಕಾನ್ ಎಫ್‌ನ ನಂತರ ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾಗಳು ವೃತ್ತಿಪರರ ಕೈಸೇರಿದವು. 1977ರ ಕೊನಿಕಾ ಸಿ35 ಎಎಫ್ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಸ್ವಯಂಚಾಲಿತ ಫೋಕಸ್ ಕ್ಯಾಮೆರಾ ಆಯಿತು. ಕೊನಿಕಾ ಹೊಸ ತತ್ತ್ವವನ್ನೇನೂ ತರಲಿಲ್ಲ: ಅದರ ಮುಂಭಾಗದಲ್ಲಿಯೂ ಎರಡು ಕಿಟಕಿಗಳು, ಒಳಗೆ ಎರಡು ಕನ್ನಡಿಗಳು, ನಡುವೆ ಸೆಂಟಿಮೀಟರುಗಳಲ್ಲಿ ಅಳೆಯುವ ಆಧಾರರೇಖೆ ಇದ್ದವು, ಎರಡು ಬಿಂಬಗಳು ಒಂದಾದವೇ ಎಂದು ನಿರ್ಧರಿಸುವ ಕಣ್ಣಿನ ಜಾಗದಲ್ಲಿ ಬೆಳಕಿಗೆ ಸ್ಪಂದಿಸುವ ವಿದ್ಯುತ್ ಕೋಶಗಳ ಚಿಪ್ಪೊಂದು ಬಂದು ಕೂತಿತ್ತು, ಮತ್ತು ಅದನ್ನು ತಿದ್ದುವ ಅವಕಾಶ ಕಾರ್ಖಾನೆಯ ಮೇಜಿನಾಚೆಗೆ ಯಾರಿಗೂ ಉಳಿಯಲಿಲ್ಲ.